ಬಾಡಿಗೆಯ ಕಪಾಟು: ಚಂದಾ ಆಧಾರಿತ ಡಿಜಿಟಲ್ ಗ್ರಂಥಾಲಯ ಮತ್ತು ಸೆಮಿನರಿಯ ಓದು

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಬೇಲೂರು ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಹೈಕೋರ್ಟ್ ಪೀಠಕ್ಕೆ ಸಮೀಪವಾದ ವಾಲ್ಮಿ ಆವರಣದಲ್ಲಿ 2016ರಲ್ಲಿ ಧಾರವಾಡದ ಐಐಟಿ ತನ್ನ ಪಾಠಗಳನ್ನು ಆರಂಭಿಸಿತು. ಅದರ ಸ್ವಂತ ಆವರಣದ ಉದ್ಘಾಟನೆ ನಡೆದದ್ದು 2023ರ ಮಾರ್ಚ್ ತಿಂಗಳಲ್ಲಿ. ಹೀಗೆ ಎರವಲು ಕಟ್ಟಡದಲ್ಲಿ ಹುಟ್ಟುವ ವಿದ್ಯಾಸಂಸ್ಥೆಗೂ ಇಂದು ಕಪಾಟುಗಳು ತುಂಬುವ ತನಕ ಕಾಯಬೇಕಾಗಿಲ್ಲ. ಕೇಂದ್ರ ಸರಕಾರದ ಅನುದಾನಿತ ತಾಂತ್ರಿಕ ಸಂಸ್ಥೆಗಳಿಗೆ 2015ರ ಕೊನೆಯಲ್ಲಿ ರೂಪುಗೊಂಡ ಇ-ಶೋಧಸಿಂಧು ಒಕ್ಕೂಟದ ಮೂಲಕ ಚಂದಾ ಸಂಪನ್ಮೂಲಗಳು ದೊರೆಯುತ್ತವೆ. ಇದೇ ಧಾರವಾಡಕ್ಕೆ 1837ರಲ್ಲಿ ಬಂದ ಬಾಸೆಲ್ ಮಿಶನ್ನಿನವರಿಗೆ ಓದಬೇಕಾದ ಕನ್ನಡ ಗ್ರಂಥಗಳನ್ನು ಓಲೆಗರಿಗಳಿಂದ ಹುಡುಕಿ, ನಕಲು ಮಾಡಿ, ತಾವೇ ಅಚ್ಚು ಹಾಕಬೇಕಾದ ಕಾಲವಿತ್ತು. ಎರಡು ಕಾಲಗಳ ನಡುವಿನ ಅಂತರವನ್ನು ಪ್ರಗತಿ ಎಂದು ಕರೆಯಲು ಯಾರೂ ಹಿಂಜರಿಯರು. ಆದರೆ ಕುರುಬರನ್ನು ತಯಾರು ಮಾಡುವ ಮನೆಯೊಂದು ತನ್ನ ಗ್ರಂಥಾಲಯದ ಹಣವನ್ನೆಲ್ಲ ಚಂದಾಕ್ಕೆ ತಿರುಗಿಸುವ ಮುನ್ನ, ಆ ಹಣಕ್ಕೆ ದೊರೆಯುವುದೇನೆಂದು ಕೇಳಿಕೊಳ್ಳುವುದು ಅವಶ್ಯ.

ಮೊದಲು ಇದರ ಗುಣಗಳನ್ನು ಒಪ್ಪಿಕೊಳ್ಳೋಣ. ಪಾಶ್ಚಾತ್ಯ ಪ್ರಕಾಶಕರ ಒಂದು ವ್ಯಾಖ್ಯಾನಗ್ರಂಥದ ಬೆಲೆ ಎಷ್ಟೋ ಸಲ ಸಭಾಪಾಲಕನ ತಿಂಗಳ ವೇತನದ ದೊಡ್ಡ ಪಾಲನ್ನು ನುಂಗುತ್ತದೆ. ಲಂಡನ್ನಿನಲ್ಲಿ ಆರಂಭವಾದ ಪೆರ್ಲೆಗೋದಂಥ ಸೇವೆಗಳು ತಿಂಗಳ ಚಂದಾಕ್ಕೆ ಲಕ್ಷಗಟ್ಟಲೆ ಪುಸ್ತಕಗಳನ್ನು ತೆರೆದಿಡುತ್ತವೆ. ಗ್ರಂಥಾಲಯದ ಒಂದೇ ಪ್ರತಿಗಾಗಿ ಮೂವತ್ತು ವಿದ್ಯಾರ್ಥಿಗಳು ಸರದಿ ಕಾಯುವ ಕಷ್ಟ ಇಲ್ಲಿ ಕಡಿಮೆ. ದೃಷ್ಟಿಹೀನ ವಿದ್ಯಾರ್ಥಿಗೆ ಇದು ಇನ್ನೂ ದೊಡ್ಡ ಉಪಕಾರವಾಗಬಲ್ಲದು. ಅಂಥ ಓದುಗರ ಹಕ್ಕಿಗಾಗಿ ರೂಪುಗೊಂಡ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅಂಗೀಕರಿಸಿದ್ದು ಭಾರತವೇ. ಪರದೆಯ ಅಕ್ಷರವನ್ನು ದನಿಯಾಗಿಸಿ ಕೇಳಬಹುದಾದ ಪುಸ್ತಕವನ್ನು ಹಗುರವಾಗಿ ಕಾಣುವ ಹಕ್ಕು ಕಣ್ಣಿರುವ ನಮಗಿಲ್ಲ.

ಇಷ್ಟನ್ನು ಹೇಳಿದ ಮೇಲೆ ವ್ಯವಹಾರದ ಸ್ವರೂಪವನ್ನು ನೋಡಬೇಕು. ಪುಸ್ತಕವನ್ನು ಕೊಂಡವನು ಅದನ್ನು ಎರವಲು ಕೊಡಬಹುದು, ದಾನ ಮಾಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಚಂದಾ ತೆತ್ತವನಿಗೆ ದೊರೆಯುವುದು ಪರವಾನಗಿ ಮಾತ್ರ. ಏಕಕಾಲಕ್ಕೆ ಎಷ್ಟು ಮಂದಿ ಓದಬಹುದು, ಎಷ್ಟು ಪುಟ ಮುದ್ರಿಸಿಕೊಳ್ಳಬಹುದು, ಯಾವ ಗ್ರಂಥ ಮುಂದಿನ ವರ್ಷವೂ ಇರುತ್ತದೆ ಎಂಬುದನ್ನು ಒಪ್ಪಂದವೇ ನಿರ್ಣಯಿಸುತ್ತದೆ. ಪ್ರಕಾಶಕನು ತನ್ನ ಗ್ರಂಥಗಳನ್ನು ಹಿಂತೆಗೆದುಕೊಂಡರೆ ಪಠ್ಯಸೂಚಿಯಲ್ಲಿ ಹೆಸರು ಉಳಿದು ಪುಸ್ತಕ ಮಾಯವಾಗಬಹುದು. ಬಿಡಿಯಾಗಿ ಕೊಂಡ ಇ-ಪುಸ್ತಕಗಳಿಗೂ ಈ ಅಪಾಯ ತಪ್ಪಿಲ್ಲ. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್ಲನ ಕೃತಿಗಳ ಕೆಲವು ಪ್ರತಿಗಳನ್ನು ಓದುಗರ ಕಿಂಡಲ್ ಸಾಧನಗಳಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡ ಪುಸ್ತಕಗಳೂ ಇಲ್ಲವಾದವು. ಹಣ ಮರಳಿ ಬಂದಿತು, ಗ್ರಂಥಗಳು ಬರಲಿಲ್ಲ.

ಸೆಮಿನರಿಯ ಮಟ್ಟಿಗೆ ಇದಕ್ಕಿಂತ ಆಳವಾದ ಕುಂದು ಇನ್ನೊಂದಿದೆ. ಸಂಸ್ಥೆಯ ಹೆಸರಿನ ಪ್ರವೇಶವು ಸಾಮಾನ್ಯವಾಗಿ ವಿದ್ಯಾರ್ಥಿತ್ವದೊಡನೆ ಮುಗಿಯುತ್ತದೆ. ಅಂದರೆ ಅಭ್ಯರ್ಥಿಯು ಪದವಿ ಪಡೆದು, ಕುಂದಗೋಳದ ಕಡೆಯೋ ಹಳಿಯಾಳದ ಕಡೆಯೋ ಒಂದು ಸಭೆಗೆ ಹೋಗಿ, ಪ್ರತಿ ಭಾನುವಾರ ಪ್ರಸಂಗಪೀಠ ಏರಬೇಕಾದ ಹೊತ್ತಿಗೆ ಸರಿಯಾಗಿ ಕಪಾಟಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಮರಣದ ಮನೆಯಲ್ಲಿ ಏನು ಹೇಳಬೇಕು, ಯೋಬನ ಗ್ರಂಥವನ್ನು ಹೇಗೆ ಬೋಧಿಸಬೇಕು ಎಂಬ ಪ್ರಶ್ನೆ ಅವನಿಗೆ ಪರೀಕ್ಷೆಯ ಕೊಠಡಿಗಿಂತ ತೀವ್ರವಾಗಿ ಎದುರಾಗುವುದು ಆಗಲೇ. ಹಿಂದಿನ ತಲೆಮಾರಿನ ಪಾಳಕರು ಸೆಮಿನರಿಯಿಂದ ಹೊರಡುವಾಗ ತಗಡಿನ ಪೆಟ್ಟಿಗೆಯಲ್ಲಿ ಹತ್ತು ಹದಿನೈದು ಪುಸ್ತಕಗಳನ್ನಾದರೂ ಒಯ್ಯುತ್ತಿದ್ದರು. ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಗಳ ಸಮೇತ ಅವು ಮೂವತ್ತು ವರ್ಷದ ಸೇವೆಗೆ ಜೊತೆಯಾಗುತ್ತಿದ್ದವು. ಇಂದಿನ ಪದವೀಧರನು ಸಾವಿರ ಗ್ರಂಥಗಳ ನಡುವೆ ನಾಲ್ಕು ವರ್ಷ ಕಳೆದು ಬರಿಗೈಯಲ್ಲಿ ಹೊರಡುವಂತಾದರೆ, ನಾವು ಅವನಿಗೆ ಕಲಿಸಿದ್ದು ಪರೀಕ್ಷೆಗೆ ಸಾಕಾಗುವ ಓದನ್ನು ಮಾತ್ರ.

ಇದಕ್ಕೆ ಒಂದು ದೈವಶಾಸ್ತ್ರೀಯ ಉತ್ತರ ಬರಬಹುದು. ವಿಮೋಚನಕಾಂಡದ ಮನ್ನವು ಕೂಡಿಡತಕ್ಕದ್ದಾಗಿರಲಿಲ್ಲ. ಮರುದಿನಕ್ಕೆ ಇಟ್ಟುಕೊಂಡವರ ಪಾಲು ಹುಳಬಿದ್ದು ನಾರಿತು. ಹಾಗಿರುವಾಗ ಪುಸ್ತಕಗಳ ಒಡೆತನಕ್ಕಾಗಿ ಹಂಬಲಿಸುವುದು ಅವಿಶ್ವಾಸವಲ್ಲವೇ? ದಿನದ ಅಗತ್ಯಕ್ಕೆ ದಿನದ ಓದು ಸಾಲದೇ? ಈ ವಾದದಲ್ಲಿ ಸತ್ಯಾಂಶವಿದೆ. ಯಾರೂ ತೆರೆಯದ ಗ್ರಂಥಗಳನ್ನು ಬೀರುವಿನಲ್ಲಿ ಬೀಗ ಹಾಕಿಡುವ ಗ್ರಂಥಾಲಯವೂ ಹುಳಬಿದ್ದ ಮನ್ನವೇ. ಆದರೆ ಮನ್ನವು ಬೆಲೆಯಿಲ್ಲದೆ ದೊರೆಯಿತು, ಹೆಚ್ಚು ಕೂಡಿಸಿದವನಿಗೂ ಕಡಿಮೆ ಕೂಡಿಸಿದವನಿಗೂ ಅವರವರ ಅಗತ್ಯಕ್ಕೆ ತಕ್ಕಷ್ಟಾಯಿತು. ಹಣ ತೆರಲಾರದ ಗುಡಾರದ ಮುಂದೆ ಮಾತ್ರ ಅದು ಬೀಳದೆ ಹೋಗಲಿಲ್ಲ. ಚಂದಾ ವ್ಯವಸ್ಥೆಯನ್ನು ಮನ್ನಕ್ಕೆ ಹೋಲಿಸುವವರು ಈ ಅರ್ಧವನ್ನು ಮರೆಯುತ್ತಾರೆ. ಅಲ್ಲದೆ ಅದೇ ಅಧ್ಯಾಯದ ಕೊನೆಯಲ್ಲಿ ಒಂದು ಓಮೆರಿನಷ್ಟು ಮನ್ನವನ್ನು ಪಾತ್ರೆಯಲ್ಲಿಟ್ಟು ಸಂತತಿಯವರಿಗಾಗಿ ಕಾಪಾಡಬೇಕೆಂಬ ಅಪ್ಪಣೆಯೂ ಇದೆ. ದಿನದ ಆಹಾರವನ್ನು ದಿನವೇ ಉಣ್ಣುವ ಸಮುದಾಯಕ್ಕೂ ಮುಂದಿನವರಿಗೆ ತೋರಿಸಲು ಏನಾದರೂ ಉಳಿದಿರಬೇಕು. ಸೆರೆಯಲ್ಲಿದ್ದು ಅಂತ್ಯವನ್ನು ಎದುರು ನೋಡುತ್ತಿದ್ದ ಅಪೊಸ್ತಲನು ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯೊಡನೆ ಪುಸ್ತಕಗಳನ್ನೂ ಚರ್ಮದ ಸುರುಳಿಗಳನ್ನೂ ತರಬೇಕೆಂದು ತಿಮೊಥೆಯನಿಗೆ ಬರೆದನು. ಬಿಟ್ಟುಬಂದ ಪುಸ್ತಕಗಳು ಬಿಟ್ಟಲ್ಲೇ ಇರುತ್ತವೆಂಬ ಭರವಸೆಯಿಂದಲೇ ಹಾಗೆ ಬರೆಯಲು ಸಾಧ್ಯವಾಯಿತು.

ಕನ್ನಡದಲ್ಲಿ ದೈವಶಾಸ್ತ್ರ ಓದುವವರಿಗೆ ಮತ್ತೊಂದು ಮಾತು. ಈ ವಿಶ್ವಭಂಡಾರಗಳಲ್ಲಿ ಪ್ರಧಾನವಾಗಿ ದೊರೆಯುವುದು ಇಂಗ್ಲಿಷ್ ಗ್ರಂಥಗಳು. ನಮ್ಮ ಸಭೆಗಳ ಚರಿತ್ರೆ, ಕೀರ್ತನೆ, ಪ್ರಸಂಗ, ವ್ಯಾಖ್ಯಾನಗಳಿಗೆ ಅಲ್ಲಿ ಮಾರುಕಟ್ಟೆಯಿಲ್ಲ. ಚಂದಾದ ಹಣ ಏರಿದಂತೆ ಕನ್ನಡ ಪುಸ್ತಕ ಕೊಳ್ಳುವ ಹಣ ಇಳಿದರೆ, ವಿದ್ಯಾರ್ಥಿಯು ತನ್ನ ಭಾಷೆಯಲ್ಲಿ ಯೋಚನೆಯೇ ನಡೆದಿಲ್ಲವೆಂದು ತಿಳಿಯುವನು. ಹೆರ್ಮನ್ ಮೋಗ್ಲಿಂಗ್ 1848ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ದಾಸರ ಪದಗಳನ್ನೂ ವೀರಶೈವ ಪುರಾಣವನ್ನೂ ಕಲ್ಲಚ್ಚಿನಲ್ಲಿ ಹೊರತಂದದ್ದು ಕಸಮೈಯೋರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ. 1853ರಲ್ಲಿ ನಾಡಿಗೆ ಬಂದ ಕಿಟ್ಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಇಂದು ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಉಚಿತ. ನಮ್ಮ ಕಾಲದಲ್ಲಿ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷ ಪದಗಳ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟನ್ನು ಮುಕ್ತವಾಗಿ ಕೊಟ್ಟುಬಿಟ್ಟರು. ಕೊಡುವ ಈ ಪರಂಪರೆಯ ಫಲವನ್ನು ಉಂಡ ಸಭೆಯು ತಾನು ಪ್ರಕಟಿಸಿದ ಹಳೆಯ ಕನ್ನಡ ಗ್ರಂಥಗಳನ್ನು ಧೂಳಿಗೆ ಬಿಟ್ಟು, ಪರರ ಗ್ರಂಥಗಳಿಗೆ ವರ್ಷವರ್ಷ ಬಾಡಿಗೆ ತೆರುವುದು ವಿಪರ್ಯಾಸ.

ಸರಕಾರದ ನೆರವು ಇಲ್ಲಿ ನಮ್ಮನ್ನು ತಲುಪದು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ತೆರೆದವು. ಆದರೆ ಅದು ಪಠ್ಯಪುಸ್ತಕಗಳ ಯೋಜನೆಯಲ್ಲ, ಮತ್ತು ಸರಕಾರಿ ಸಂಸ್ಥೆಗಳಿಗೆ ಮೀಸಲು. ಸೆರಾಂಪುರದ ಸೆನೆಟ್ಟಿಗೆ ಸೇರಿದ ಖಾಸಗಿ ಸೆಮಿನರಿಗಳು ಆ ಬಾಗಿಲಿನ ಹೊರಗಿವೆ. ಕಾನೂನು ಮಾತ್ರ ನಮಗೊಂದು ಆಸರೆ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು 2012ರಲ್ಲಿ ಹೂಡಿದ ದಾವೆಯಲ್ಲಿ, ಬೋಧನೆಗಾಗಿ ಗ್ರಂಥಭಾಗಗಳನ್ನು ನಕಲಿಸಿ ಪಾಠಸಂಪುಟ ಮಾಡುವುದಕ್ಕೆ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆಯೆಂಬ ನಿಲುವನ್ನು ದೆಹಲಿ ಹೈಕೋರ್ಟ್ 2016ರಲ್ಲಿ ತಳೆಯಿತು. ಹಕ್ಕುಸ್ವಾಮ್ಯವು ದೈವದತ್ತವಲ್ಲ, ಶಾಸನದತ್ತ ಎಂಬುದನ್ನೂ ಆ ತೀರ್ಪು ನೆನಪಿಸಿತು. ಕಪಾಟಿನಲ್ಲಿರುವ ಪುಸ್ತಕಕ್ಕೆ ಈ ಅವಕಾಶ ಸುಲಭವಾಗಿ ಅನ್ವಯಿಸುತ್ತದೆ. ಪರದೆಯ ಮೇಲಿನ ಬಾಡಿಗೆಯ ಪುಸ್ತಕದಲ್ಲಿ ಒಪ್ಪಂದದ ಷರತ್ತೂ ತಾಂತ್ರಿಕ ಬೀಗವೂ ಅದನ್ನು ಬರಿಯ ಮಾತಾಗಿಸಬಲ್ಲವು.

ಆದುದರಿಂದ ಚಂದಾ ಬೇಡವೆಂಬುದು ಈ ವಿಮರ್ಶೆಯ ಸಾರವಲ್ಲ. ಪ್ರತಿಯೊಂದು ಕೋರ್ಸಿನ ಮೂಲಗ್ರಂಥಗಳನ್ನು ಸೆಮಿನರಿ ಸ್ವಂತವಾಗಿ ಹೊಂದಿರಲಿ; ಆಗಾಗ ಬೇಕಾಗುವ ವಿಶೇಷ ಅಧ್ಯಯನಗಳಿಗೆ ಚಂದಾ ಇರಲಿ. ಸೆಮಿನರಿಗಳು ಒಬ್ಬೊಬ್ಬರಾಗಿ ಬೆಲೆ ಕೇಳುವ ಬದಲು ಒಕ್ಕೂಟವಾಗಿ ಮಾತಾಡಲಿ. ಪದವಿಯ ಬಳಿಕವೂ ಸೇವೆಯಲ್ಲಿರುವ ಪಾಳಕರಿಗೆ ಪ್ರವೇಶ ಮುಂದುವರಿಯಬೇಕೆಂಬುದು ಒಪ್ಪಂದದ ಮೊದಲ ಷರತ್ತಾಗಲಿ. ವಿದ್ಯಾರ್ಥಿಯು ಯಾವ ಸಂಶಯದಿಂದ ಯಾವ ಪುಟ ತೆರೆದನೆಂಬ ದಾಖಲೆಯನ್ನು ಮೂರನೆಯವರಿಗೆ ಕೊಡಕೂಡದೆಂಬುದು ಎರಡನೆಯದಾಗಲಿ. ಅರಿಕೆಯ ಗುಟ್ಟನ್ನು ಕಾಯಲು ಕಲಿಸುವವರು ಓದಿನ ಗುಟ್ಟನ್ನೂ ಕಾಯಬೇಕು. ಉಳಿಸಿದ ಹಣದ ಒಂದು ಭಾಗದಿಂದ ಹಕ್ಕುಸ್ವಾಮ್ಯ ಮುಗಿದ ಕನ್ನಡ ಗ್ರಂಥಗಳನ್ನು ಚಿತ್ರೀಕರಿಸಿ ಎಲ್ಲರಿಗೂ ತೆರೆದಿಡಲಿ.

ಮುಂಗಡಪತ್ರ ಬರೆಯುವ ಸಮಿತಿಗೆ ಇವು ಲೆಕ್ಕದ ವಿಷಯಗಳಾಗಿ ಕಾಣಬಹುದು. ಹತ್ತು ವರ್ಷದ ಮೇಲೆ ಹಳ್ಳಿಯ ಪ್ರಸಂಗಪೀಠದಿಂದ ಸಭೆಯು ಕೇಳುವ ವಾಕ್ಯದ ಆಳ ಎಷ್ಟಿರುತ್ತದೆಂಬುದನ್ನು ಅವರ ಈ ವರ್ಷದ ಲೆಕ್ಕವೂ ತೀರ್ಮಾನಿಸುತ್ತದೆ.