ಬಿಸಿಲು ಎತ್ತುವ ನೀರು

ಲಾತೂರು ಜಿಲ್ಲೆಯ ನಿಲಂಗಾದಿಂದ ಔರಾದ ಶಹಾಜಾನಿ ಕಡೆ ಹೊರಟರೆ ತೊಗರಿ, ಸೋಯಾಬೀನ್ ಹೊಲಗಳ ನಡುವೆ ಅಲ್ಲಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತ ಕಡುನೀಲಿ ಹಲಗೆಗಳು ಕಾಣುತ್ತವೆ. ಸೋಲಾರ್ ಪಂಪು. ಮಹಾರಾಷ್ಟ್ರ-ಕರ್ನಾಟಕದ ಈ ಗಡಿಸೀಮೆಗೆ ಇಷ್ಟು ಒಪ್ಪುವ ಯಂತ್ರ ಇನ್ನೊಂದಿಲ್ಲ ಅನಿಸುತ್ತದೆ ನನಗೆ.

ಅದರ ಕೆಲಸ ನೋಡುವುದೇ ಖುಷಿ. ಹಲಗೆಯ ಒಂದೊಂದು ಸಿಲಿಕಾನ್ ಕೋಶ ಕೊಡುವುದು ಅರ್ಧ ವೋಲ್ಟಿನ ಆಸುಪಾಸು. ಸಾಲಾಗಿ ಜೋಡಿಸಿದಾಗ ಅವೇ ಕೋಶಗಳು ಬಾವಿಯೊಳಗಿನ ಮೋಟರನ್ನು ತಿರುಗಿಸುತ್ತವೆ. ಬ್ಯಾಟರಿ ಬೇಕಿಲ್ಲ. ಬೆಳಿಗ್ಗೆ ಪೈಪಿನ ಬಾಯಲ್ಲಿ ಸಣ್ಣ ಧಾರೆ, ಹೊತ್ತೇರಿದಂತೆ ತುಂಬು ಧಾರೆ, ಮೋಡ ಅಡ್ಡ ಬಂದರೆ ಮತ್ತೆ ಸಣ್ಣಗೆ. ಬಿಸಿಲಿನ ಏರಿಳಿತಕ್ಕೆ ತಕ್ಕಂತೆ ಮೋಟರಿನ ವೇಗವನ್ನು ಕಂಟ್ರೋಲರ್ ಪೆಟ್ಟಿಗೆ ಹೊಂದಿಸುತ್ತದೆ. ಬೆಳೆಗೆ ದಾಹ ಹೆಚ್ಚುವ ಹೊತ್ತಿಗೇ ಪಂಪಿನ ಕಸುವೂ ಹೆಚ್ಚುವುದು ಎಂಥ ಹೊಂದಿಕೆ! ಆಗಾಗ ಹಲಗೆಯ ಮೇಲಿನ ಧೂಳು ತೊಳೆಯಬೇಕು, ಅದೂ ಬಿಸಿಲೇರುವ ಮುಂಚೆ.

ಹಿಂಗಾರಿ ಕಡಲೆಗೆ ನೀರು ಬಿಡಲು ರಾತ್ರಿ ಪಾಳಿಯ ಕರೆಂಟಿಗೆ ಕಾದು, ಚಳಿಯಲ್ಲಿ ಟಾರ್ಚ್ ಹಿಡಿದು, ಹಾವು-ಚೇಳಿಗೆ ಅಂಜುತ್ತ ನಡೆದವರಿಗೆ ಹಗಲು ನೀರಿನ ಬೆಲೆ ಗೊತ್ತು. ಇಂಥ ಪಂಪಿಗೆ ಸಹಾಯಧನ ಕೊಡುವ ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಬಂತು. ಮಹಾರಾಷ್ಟ್ರದಲ್ಲಿ ಅದರಡಿ ಪಂಪಿನ ವೆಚ್ಚದಲ್ಲಿ ಸಾಮಾನ್ಯ ವರ್ಗದ ರೈತರ ಪಾಲು ಶೇ 10, ಪರಿಶಿಷ್ಟರದು ಶೇ 5.

ಒಂದು ಮಾತು ಮಾತ್ರ ಹೇಳಲೇಬೇಕು. 2016ರಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದ ಜಿಲ್ಲೆ ಇದು. ಬಿಸಿಲು ಪುಕ್ಕಟೆ ಎಂದು ದಿನವಿಡೀ ಕಬ್ಬಿಗೆ ಹರಿಸಿದರೆ ಅಂತರ್ಜಲ ತಾಳದು. ಪಂಪಿಗೆ ಹನಿ ನೀರಾವರಿ ಜೋಡಿಸಿ ತೊಗರಿ, ತರಕಾರಿ ಬೆಳೆಯುವ ಹೊಲಗಳೇ ನನಗೆ ಹೆಚ್ಚು ಇಷ್ಟ.