6174ರ ಬೆನ್ನು ಹತ್ತಿ

ಗಣಿತದ ಚಟುವಟಿಕೆ ಎಂದೊಡನೆ ನಮ್ಮ ಶಾಲೆಗಳಲ್ಲಿ ಥರ್ಮೊಕೋಲು, ಬಣ್ಣದ ಕಾಗದ, ಗೋಂದು ಹೊರಬರುತ್ತವೆ. ಮೇಷ್ಟ್ರು ನಿದ್ದೆಗೆಟ್ಟು ಮಾಡಿದ ಮಾದರಿ, ಮಕ್ಕಳ ಕೈಗೆ ಸಿಕ್ಕರೆ ಹಾಳಾದೀತೆಂದು ಬೀರುವಿನ ಮೇಲೆ ಕೂರುತ್ತದೆ. ಮೆಟ್ರಿಕ್ ಮೇಳದಲ್ಲಾದರೂ ಸೊಪ್ಪು ಮಾರಿ ಚಿಲ್ಲರೆ ಎಣಿಸುವ ಸುಖವಿದೆ. ಆದರೆ ಅದು ವರ್ಷಕ್ಕೊಮ್ಮೆ. ಒಂದು ತುಂಡು ಸೀಮೆಸುಣ್ಣದಲ್ಲಿ ಮುಗಿಯುವ ಚಟುವಟಿಕೆಯೇ ನನಗೆ ಮೆಚ್ಚು. ಅಂಥದ್ದೊಂದನ್ನು ಕೊಟ್ಟವರು ಮೇಷ್ಟ್ರೇ: ನಾಸಿಕ್ ಬಳಿಯ ದೇವಳಾಲಿಯಲ್ಲಿ ಪಾಠ ಹೇಳುತ್ತಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್.

ನಾಲ್ಕಂಕಿಯ ಸಂಖ್ಯೆ ಬರೆಸಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೆ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಬೇಕು. ಉತ್ತರಕ್ಕೂ ಮತ್ತೆ ಅದೇ ಉಪಚಾರ. 2025 ತೆಗೆದುಕೊಳ್ಳಿ: 5220ರಲ್ಲಿ 0225 ಹೋದರೆ 4995. ಮುಂದೆ 5355, 1998, 8082, 8532, ಕೊನೆಗೆ 6174. ಅಲ್ಲಿಗೆ ಬಂದ ಮೇಲೆ 7641ರಲ್ಲಿ 1467 ಕಳೆದರೂ 6174. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರಬೇಕು. ಉತ್ತರ 999 ಬಂದರೆ ಮಾತ್ರ ಮುಂದೆ ಸೊನ್ನೆ ಹಾಕಿ 0999 ಎಂದು ಬರೆಯಲು ಹೇಳಿ. ಮಕ್ಕಳು ಎಡವುವುದು ಇಲ್ಲೇ.

ಕಾಪ್ರೇಕರ್ ಇದನ್ನು ಹೊರಗೆ ಹೇಳಿದ್ದು 1949ರಲ್ಲಿ. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್‌ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತಿಗೆ ಅವರ ಹೆಸರು ಗೊತ್ತಾಯಿತು. ನಮ್ಮಲ್ಲಿ ಎಂದಿನಂತೆ, ಆಮೇಲೆ.

ಪುಸ್ತಕದ ಹತ್ತು ದಶಕಸಹಿತ ವ್ಯವಕಲನಕ್ಕೆ ಮುಖ ಸಿಂಡರಿಸುವ ಆರನೇ ಕ್ಲಾಸು, ಇಲ್ಲಿ ಅಷ್ಟನ್ನೂ ಕೇಳಿ ಮಾಡುತ್ತದೆ. ಆದರೆ ಒಂದು ತೊಡಕುಂಟು. ನಡುವೆ ಲೆಕ್ಕ ತಪ್ಪಿದ ಹುಡುಗನೂ ಹೆಚ್ಚಾಗಿ 6174ಕ್ಕೇ ತಲುಪುತ್ತಾನೆ! ತಪ್ಪು ಉತ್ತರವೂ ನಾಲ್ಕಂಕಿಯ ಸಂಖ್ಯೆಯೇ ತಾನೆ, ಅದಕ್ಕೂ ದಾರಿ ಉಂಟು. ‘ಬಂತು ಸಾರ್’ ಎಂದವರಿಗೆಲ್ಲ ಭೇಷ್ ಅಂದರೆ ಪಾಠ ಕೆಟ್ಟಿತು.

ಹಾಗಾಗಿ ಸ್ಲೇಟು ಕೆಳಗಿಡಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಬಂದ ಉತ್ತರಗಳ ಅಂಕಿಗಳಲ್ಲಿ ಏನು ಕಾಣುತ್ತದೆ? 5355, 8082, 8532, 6174 ನೋಡಿ. ತುದಿಯ ಎರಡು ಅಂಕಿ ಕೂಡಿದರೆ ಹತ್ತು, ನಡುವಿನವು ಕೂಡಿದರೆ ಎಂಟು. 4995, 1998 ಹಾಗಿಲ್ಲ. ಅಲ್ಲಿ ನಡುವೆ ಎರಡು ಒಂಬತ್ತು, ತುದಿಗಳು ಕೂಡಿ ಒಂಬತ್ತು. ಜೋಡಿಸಿದಾಗ ನಡುವಿನ ಅಂಕಿಗಳು ಒಂದೇ ಆಗಿದ್ದರೆ ಹೀಗೆ. ಇದನ್ನು ಮೇಷ್ಟ್ರು ಹೇಳಕೂಡದು, ಹಿಂದಿನ ಬೆಂಚಿನಿಂದಲೇ ಬರಲಿ. ಒಮ್ಮೆ ಹೊಳೆಯಿತೋ, ಪಕ್ಕದವನ ತಪ್ಪನ್ನು ಪಕ್ಕದವನೇ ಹಿಡಿಯುತ್ತಾನೆ, ನಿಮ್ಮ ಕೆಂಪು ಪೆನ್ನಿಗೆ ಕೆಲಸವಿಲ್ಲ. ಏಕೆ ಹೀಗೆ ಎಂದು ಕೇಳುವವರು ಹೈಸ್ಕೂಲಿನಲ್ಲಿ ಸಿಗುತ್ತಾರೆ. ಅವರಿಗೆ ಅಂಕಿಗಳ ಜಾಗದಲ್ಲಿ ಅಕ್ಷರ ಇಟ್ಟು ಕಳೆಯಲು ಕೊಡಿ, ಬೀಜಗಣಿತ ಮೊದಲ ಸಲ ಉಪಯೋಗಕ್ಕೆ ಬರುತ್ತದೆ.

ಚಿಕ್ಕವರಿಗೆ ಎರಡಂಕಿ ಸಾಕು: 9, 81, 63, 27, 45, ಮತ್ತೆ 9, ಸುತ್ತುತ್ತಲೇ ಇರುತ್ತದೆ. ಮೂರಂಕಿಯಾದರೆ 495ಕ್ಕೆ ನಿಲ್ಲುತ್ತದೆ. ಐದಂಕಿಗೆ ಮಾತ್ರ ಹೀಗೆ ನಿಲ್ಲುವ ಒಂದೇ ಸಂಖ್ಯೆ ಇಲ್ಲ, ಬೇರೆ ಬೇರೆ ಸುತ್ತುಗಳಿವೆ. ಮನೆಯಲ್ಲಿ ಮಾಡಿ ನೋಡದೆ ತರಗತಿಗೆ ಒಯ್ಯಬೇಡಿ.