ಕಾರಿನ ಹೊಗೆ, ಕರೆಂಟಿನ ಮೂಲ

ಮುಂಡರಗಿಯಿಂದ ಹೂವಿನಹಡಗಲಿಯತ್ತ ಸಾಗುವ ರಸ್ತೆ ತುಂಗಭದ್ರೆಯನ್ನು ದಾಟುವ ಕೊರ್ಲಹಳ್ಳಿಯಂಥ ಊರಿನಲ್ಲಿ ವಿದ್ಯುತ್ ಕಾರಿನ ಗುಣದೋಷವನ್ನು ಅಳೆಯಲು ಸೈಲೆನ್ಸರಿನಿಂದ ಹೊಗೆ ಬರುತ್ತದೆಯೇ ಎಂದು ನೋಡಿದರೆ ಸಾಲದು. ಅದಿರು ಅಗೆಯುವಲ್ಲಿಂದ ವಾಹನ ಗುಜರಿ ಸೇರುವವರೆಗಿನ ಒಟ್ಟು ಹೊರೆಯನ್ನು ಲೆಕ್ಕಕ್ಕೆ ತರುವ ಜೀವನಚಕ್ರ ಮೌಲ್ಯಮಾಪನವೆಂಬ ಕ್ರಮವೇ ಇಲ್ಲಿ ಸರಿಯಾದ ಅಳತೆಗೋಲು. 2001ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದ ಕಾಲದಿಂದಲೂ ಈ ವಾಹನಗಳನ್ನು ಹೆಚ್ಚಾಗಿ ಹೊಗೆಯಿಲ್ಲವೆಂಬ ಮೊದಲ ಅಳತೆಯಿಂದಲೇ ಮೆಚ್ಚುತ್ತ ಬರಲಾಗಿದೆ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಲೀಟರಿಗೆ 17 ಕಿಲೋಮೀಟರ್ ಓಡುವ ಸಣ್ಣ ಕಾರು ಪ್ರತಿ ಕಿಲೋಮೀಟರಿಗೆ 135 ಗ್ರಾಂ ಉಗುಳುತ್ತದೆ. ಕಚ್ಚಾತೈಲವನ್ನು ತೆಗೆದು, ಸಂಸ್ಕರಿಸಿ, ಸಾಗಿಸುವ ಭಾರ ಕೂಡಿದರೆ ಅದು 160 ಗ್ರಾಂ ಆಸುಪಾಸಿಗೆ ಏರುತ್ತದೆ. ದೇಶದ ವಿದ್ಯುತ್ ಜಾಲದ ಸರಾಸರಿಯಂತೆ ಒಂದು ಯೂನಿಟ್ ಉತ್ಪಾದನೆಗೆ 0.7 ಕಿಲೋ ಹೊರಸೂಸಿಕೆಯಿದ್ದು, ತಂತಿಯಲ್ಲಿ ಸೋರುವ ಪಾಲನ್ನೂ ಸೇರಿಸಿದರೆ ಅದೇ ಗಾತ್ರದ ವಿದ್ಯುತ್ ಕಾರಿನ ಹೊರೆ 120 ಗ್ರಾಂ ಎನ್ನಬಹುದು. ಉಳಿತಾಯ 40 ಗ್ರಾಂ. ಆದರೆ 30 ಯೂನಿಟ್ ಹಿಡಿಯುವ ಬ್ಯಾಟರಿಯ ತಯಾರಿಕೆಯಲ್ಲಿಯೇ ಸುಮಾರು 2.4 ಟನ್ ಹೊರಬಿದ್ದಿರುತ್ತದೆ, ಆ ಸಾಲ ತೀರಲು ಕಾರು 60,000 ಕಿಲೋಮೀಟರ್ ಓಡಬೇಕು. ಮನೆಯ ಚಾವಣಿಯ ಸೌರಫಲಕದಿಂದಲೇ ಚಾರ್ಜ್ ಮಾಡಿದರೆ 15,000ದ ಸುಮಾರಿಗೆ ಸಾಲ ಮುಗಿಯುತ್ತದೆ.

ಮುಂಡರಗಿ ಸೀಮೆಯಲ್ಲಿ, ಕರೆಂಟಿನ ಮೂಲವನ್ನು ಅವಲಂಬಿಸಿದ ಈ ಲೆಕ್ಕಕ್ಕೆ ವಿಶೇಷ ಅರ್ಥವಿದೆ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಕಣ್ಣಿಗೆ ಕಂಡಮಾತ್ರಕ್ಕೆ ಕೊರ್ಲಹಳ್ಳಿಯ ಕಾರು ಗಾಳಿಯಿಂದಲೇ ಓಡುತ್ತದೆಂದು ಭಾವಿಸುವುದು ತಪ್ಪು, ಏಕೆಂದರೆ ಜಾಲ ಒಂದೇ ಆಗಿದ್ದು ಅದಕ್ಕೆ ಪಾವಗಡದ ಬಿಸಿಲೂ ಶರಾವತಿಯ ನೀರೂ ರಾಯಚೂರು, ಕುಡಿತಿನಿಗಳ ಕಲ್ಲಿದ್ದಲೂ ಬಂದು ಸೇರುತ್ತವೆ. ಮುಂಗಾರಿನಲ್ಲಿ ಗಾಳಿ ಬಲವಾಗಿ ಬೀಸುವ ಹೊತ್ತಿಗೂ ಬೇಸಿಗೆಯ ರಾತ್ರಿಗೂ ವಿದ್ಯುತ್ತಿನ ಇಂಗಾಲದ ಭಾರ ಒಂದೇ ಅಲ್ಲ. ಕಾರಿಗೆ ಬೇಕಾದ ಗಣಿಗಾರಿಕೆ, ಉಕ್ಕುಗಳ ಬೆಲೆಯನ್ನಂತೂ ಈ ನೆಲಕ್ಕೆ ಹೊಸದಾಗಿ ಕಲಿಸಬೇಕಿಲ್ಲ: 2011ರಲ್ಲಿ ಹಳ್ಳಿಗುಡಿಯ ಪೋಸ್ಕೋ ಉಕ್ಕಿನ ಕಾರ್ಖಾನೆಯ ಪ್ರಸ್ತಾಪವನ್ನು ರೈತರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಒಟ್ಟಾಗಿ ಎದುರಿಸಿ ನಿಲ್ಲಿಸಿದರು. ಉಕ್ಕು ಎರಡೂ ಬಗೆಯ ಕಾರಿಗೆ ಬೇಕು; ಲಿಥಿಯಂ, ನಿಕಲ್‌ಗಳ ಅಗೆತ ವಿದ್ಯುತ್ ಕಾರಿನ ಹೆಚ್ಚುವರಿ ಹೊಣೆ, ಅದನ್ನು ಮರೆಮಾಚುವುದು ಸಲ್ಲದು.

ಹೀಗಿದ್ದೂ ವಿದ್ಯುತ್ ಕಾರೇ ಮೇಲು ಎಂಬ ತೀರ್ಮಾನ ನಿಲ್ಲುತ್ತದೆ, ಆದರೆ ಅದು ಓಡುವ ಕಾರಿಗೆ ಮಾತ್ರ. ವರ್ಷಕ್ಕೆ 5,000 ಕಿಲೋಮೀಟರ್ ಓಡುವ ಮನೆಯ ಕಾರಿಗೆ ಮೇಲಿನ ಸಾಲ ತೀರಿಸಲು 12 ವರ್ಷ ಹಿಡಿದರೆ, ದಿನವಿಡೀ ಬಾಡಿಗೆಗೆ ಓಡುವ ಟ್ಯಾಕ್ಸಿ ಅದನ್ನು ಒಂದೆರಡು ವರ್ಷದಲ್ಲಿ ತೀರಿಸುತ್ತದೆ. ಊರಿನ ಬಸ್ಸು ವಿದ್ಯುತ್ತಿಗೆ ಬಂದರೆ ಫಲ ಇನ್ನೂ ಬೇಗ. ಸರಕಾರದ ನೀತಿ ಮಾತ್ರ ಈ ಓಟವನ್ನು ಗಮನಿಸಲಿಲ್ಲ: 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿಯನ್ನು ತಂದ ಕರ್ನಾಟಕ, 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ತೆರಿಗೆ ವಿಧಿಸುವಾಗಲೂ ಬೆಲೆಯನ್ನೇ ಆಧಾರವಾಗಿಟ್ಟುಕೊಂಡಿತು. ವಾಹನ ಎಷ್ಟು ಓಡುತ್ತದೆ, ಯಾವ ಹೊತ್ತಿನಲ್ಲಿ ಚಾರ್ಜ್ ಆಗುತ್ತದೆ ಎಂಬ ಎರಡು ನಿರ್ಣಾಯಕ ಸಂಗತಿಗಳು ಆ ಲೆಕ್ಕದ ಹೊರಗೇ ಉಳಿದವು.